ಡೋವರ್ ದೀಪಸ್ತಂಭ: ರೋಮನ್ನರದ್ದೋ, ಚರ್ಚಿನದ್ದೋ?

ಇಂಗ್ಲೆಂಡಿನ ಡೋವರ್ ಕೋಟೆಯೊಳಗೆ, ಸೇಂಟ್ ಮೇರಿ ಚರ್ಚಿನ ಪಕ್ಕಕ್ಕೇ ಒಂದು ಮೋಟು ಗೋಪುರ ನಿಂತಿದೆ. ಕೆಲವರು ಅದನ್ನು ರೋಮನ್ ದೀಪಸ್ತಂಭ ಅನ್ನುತ್ತಾರೆ, ಕೆಲವರು ಚರ್ಚಿನ ಗಂಟೆಗೋಪುರ ಅನ್ನುತ್ತಾರೆ. ಎರಡೂ ನಿಜವೇ. ಗೊಂದಲ ಶುರುವಾಗುವುದೂ ಅಲ್ಲೇ.

ಕ್ರಿ.ಶ. 2ನೇ ಶತಮಾನದಲ್ಲಿ ಡೋವರ್ ರೋಮನ್ ನೌಕಾಪಡೆಯ ಬಂದರು. ಆಗಿನ ಹೆಸರು ಡುಬ್ರಿಸ್. ಬಂದರಿನ ಎರಡೂ ಬದಿಯ ಗುಡ್ಡಗಳ ಮೇಲೆ ಒಂದೊಂದು ದೀಪಸ್ತಂಭವಿತ್ತು. ಕೋಟೆಯೊಳಗಿರುವುದು ಪೂರ್ವ ಗುಡ್ಡದ್ದು. ಹೊರಗೆ ಎಂಟು ಮೂಲೆ, ಒಳಗೆ ಚೌಕ. ಮೊದಲು ಸುಮಾರು 24 ಮೀಟರ್ ಎತ್ತರವಿತ್ತು, ತುದಿಯಲ್ಲಿ ಬೆಂಕಿ ಉರಿಯುತ್ತಿತ್ತು. ಆಮೇಲೆ ರೋಮನ್ನರು ಹೋದರು, ಬೆಂಕಿ ಆರಿತು, ಶತಮಾನಗಳೇ ಉರುಳಿದವು.

ಕಥೆಗೆ ತಿರುವು ಸಿಕ್ಕಿದ್ದು 1000ನೇ ಇಸವಿಯ ಆಸುಪಾಸಿನಲ್ಲಿ. ರೋಮನ್ನರ ನಂತರ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಸ್ಯಾಕ್ಸನ್ನರು ದೀಪಸ್ತಂಭದ ಪಕ್ಕದಲ್ಲೇ ಚರ್ಚ್ ಕಟ್ಟಿದರು. ಕಮಾನುಗಳಿಗೆ ರೋಮನ್ ಇಟ್ಟಿಗೆಯನ್ನೇ ಬಳಸಿದರು. ಗಟ್ಟಿಮುಟ್ಟಾದ ಗೋಪುರ ಸಿದ್ಧವಾಗಿರುವಾಗ ಗಂಟೆಗೆ ಬೇರೆ ಗೋಪುರ ಯಾಕೆ, ಅಲ್ವಾ? ಅದನ್ನೇ ಗಂಟೆಗೋಪುರ ಮಾಡಿಕೊಂಡರು. 15ನೇ ಶತಮಾನದ ಮೊದಲ ಭಾಗದಲ್ಲಿ ಗ್ಲೌಸ್ಟರ್‌ನ ಡ್ಯೂಕ್ ಹಂಫ್ರಿಯ ಕಾಲಕ್ಕೆ ತಲೆಭಾಗವನ್ನೇ ಹೊಸದಾಗಿ ಕಟ್ಟಿದರು.

ಹತ್ತಿರ ನಿಂತು ನೋಡಿದರೆ ಇದೆಲ್ಲ ಗೋಡೆಯಲ್ಲೇ ಕಾಣುತ್ತದೆ. ಕೆಳಗಿನ ಸುಮಾರು 13 ಮೀಟರ್ ರೋಮನ್ನರದ್ದು: ಕಲ್ಲಿನ ನಡುನಡುವೆ ಕೆಂಪು ಇಟ್ಟಿಗೆಯ ಪಟ್ಟಿಗಳು, ಇಟ್ಟಿಗೆ ಚೂರು ಬೆರೆಸಿದ ನಸುಗೆಂಪು ಗಾರೆ. ಮೇಲಿನ ಸುಮಾರು 6 ಮೀಟರಿನಲ್ಲಿ ಆ ಪಟ್ಟಿಗಳಿಲ್ಲ.

18ನೇ ಶತಮಾನದ ಆರಂಭದಲ್ಲಿ ಗಂಟೆಗಳು ಪೋರ್ಟ್ಸ್‌ಮತ್‌ಗೆ ಹೋದವು. ಚರ್ಚ್ ಪಾಳುಬಿತ್ತು, ಒಂದಷ್ಟು ಕಾಲ ಕಲ್ಲಿದ್ದಲು ತುಂಬುವ ಜಾಗವೂ ಆಯಿತು. 1860ರ ದಶಕದ ಶುರುವಿನಲ್ಲಿ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಚರ್ಚನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಗೋಪುರಕ್ಕೆ ಮಾತ್ರ ಸೂರು ಬರಲಿಲ್ಲ.

ಮಧ್ಯಯುಗದವರು ರೋಮನ್ ಕಟ್ಟಡವನ್ನು ಕೆಡಿಸಿದರು ಎಂದು ಸುಮ್ನೆ ಹೇಳಿಬಿಡುವುದು ಸುಲಭ. ಆದರೆ ಬಳಕೆಯಲ್ಲಿದ್ದ ಕಟ್ಟಡಕ್ಕೆ ರಿಪೇರಿಯ ಭಾಗ್ಯ ಜಾಸ್ತಿ. ಎದುರಿನ ಪಶ್ಚಿಮ ಗುಡ್ಡದ ಜೋಡಿ ದೀಪಸ್ತಂಭಕ್ಕೆ ಚರ್ಚಿನ ಆಸರೆ ಸಿಗಲಿಲ್ಲ. ಅದರಲ್ಲಿ ಇಂದು ಉಳಿದಿರುವುದು ಬ್ರೆಡೆನ್‌ಸ್ಟೋನ್ ಎಂದು ಕರೆಯುವ ಕಲ್ಲುಗಾರೆಯ ಕೆಲವು ಉಂಡೆಗಳು ಮಾತ್ರ.