ತಾರೆ ತನ್ನ ಕಥೆ ತಾನೇ ಹಾಡಿಕೊಂಡರೆ ಜನ ಏನಂತಾರೆ? ಒಂದು ಅಧ್ಯಯನ ಟಿಪ್ಪಣಿ

ಮಾಧ್ಯಮ ಅಧ್ಯಯನ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ‘ಪ್ರೇಕ್ಷಕರ ಪ್ರತಿಕ್ರಿಯೆ’ ಅನ್ನುವ ಪಾಠಕ್ಕೆ ಹತ್ತು ಉದಾಹರಣೆ ಪಟ್ಟಿ ಮಾಡುವ ಬದಲು ಒಂದನ್ನೇ ಸರಿಯಾಗಿ ಬಿಡಿಸಿ ನೋಡುವುದು ಮೇಲು. ನಾನು ಆರಿಸಿಕೊಂಡಿದ್ದು ಅಮೆರಿಕದ ಗಾಯಕಿ, ನಟಿ ಜೆನಿಫರ್ ಲೋಪೆಜ್ ಅವರ 2024ರ ಸಂಗೀತ ಚಿತ್ರ ‘ದಿಸ್ ಈಸ್ ಮಿ... ನೌ: ಎ ಲವ್ ಸ್ಟೋರಿ’. ಸುಮಾರು ಒಂದು ಗಂಟೆಯ ಚಿತ್ರ. ಕಥೆ ಅವರದು, ಹಾಡು ಅವರದು, ದುಡ್ಡೂ ಅವರದೇ. ಹೂಡಿಕೆದಾರರು ಹಿಂದೆ ಸರಿದಾಗ ಸುಮಾರು 2 ಕೋಟಿ ಡಾಲರ್ ಅನ್ನು ಸ್ವಂತ ಜೇಬಿನಿಂದ ಹಾಕಿದರು.

‘ಜನ ಅದನ್ನು ನೋಡಿ ನಕ್ಕರು’ ಅಂತ ಎಲ್ಲರೂ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಯಾವುದನ್ನು ನೋಡಿ ನಕ್ಕರು ಅಂತ ಕೇಳಿದರೆ ಉತ್ತರ ಅಷ್ಟು ಸುಲಭ ಅಲ್ಲ.

ಹಿನ್ನೆಲೆ

2002ರ ನವೆಂಬರ್‌ನಲ್ಲಿ ಲೋಪೆಜ್ ‘ದಿಸ್ ಈಸ್ ಮಿ... ದೆನ್’ ಆಲ್ಬಮ್ ತಂದರು. ಆಗ ನಟ ಬೆನ್ ಆಫ್ಲೆಕ್ ಜೊತೆ ಪ್ರೀತಿ ಜೋರಾಗಿತ್ತು. ಆಫ್ಲೆಕ್ ಹೆಸರಿಟ್ಟೇ ಒಂದು ಹಾಡಿತ್ತು. ಇನ್ನೊಂದು ಹಾಡಿನ ವಿಡಿಯೊದಲ್ಲಿ ಅವರೇ ಬಂದಿದ್ದರು. ನಿಶ್ಚಿತಾರ್ಥವೂ ಆಯಿತು. ಪತ್ರಿಕೆಗಳು ಇಬ್ಬರ ಹೆಸರನ್ನೂ ಸೇರಿಸಿ ‘ಬೆನ್ನಿಫರ್’ ಅಂತ ಕರೆದು ಬೆನ್ನು ಹತ್ತಿದವು. 2003ರ ಸೆಪ್ಟೆಂಬರ್‌ನಲ್ಲಿ ಮದುವೆ ಮುಂದಕ್ಕೆ ಹೋಯಿತು. 2004ರ ಜನವರಿ ಹೊತ್ತಿಗೆ ಸಂಬಂಧವೇ ಮುರಿಯಿತು. 2021ರಲ್ಲಿ ಇಬ್ಬರೂ ಮತ್ತೆ ಒಂದಾದರು. 2022ರ ಜುಲೈನಲ್ಲಿ ಲಾಸ್ ವೇಗಸ್‌ನಲ್ಲಿ ಮದುವೆಯಾದರು.

ಚಿತ್ರ 2024ರ ಫೆಬ್ರವರಿ 16ರಂದು ಪ್ರೈಮ್ ವಿಡಿಯೊದಲ್ಲಿ ಬಂತು. ಅದೇ ಹೆಸರಿನ ಆಲ್ಬಮ್ ಕೂಡ ಅವತ್ತೇ ಬಂತು. ಅಂದರೆ ನೋಡಲು ಕೂತವರಿಗೆ ಕಥೆಯ ಕೊನೆ ಮೊದಲೇ ಗೊತ್ತು. ಇಪ್ಪತ್ತು ವರ್ಷದ ಗಾಸಿಪ್ಪನ್ನು ತಲೆಯಲ್ಲಿಟ್ಟುಕೊಂಡೇ ಅವರು ಪರದೆ ಮುಂದೆ ಕೂತಿದ್ದರು. ಇದನ್ನು ಬಿಟ್ಟು ಪ್ರತಿಕ್ರಿಯೆ ಬಗ್ಗೆ ಬರೆಯಲು ಹೊರಟರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ.

ಚಿತ್ರದಲ್ಲಿ ಏನಿದೆ?

ನಿರ್ದೇಶಕ ಡೇವ್ ಮೇಯರ್ಸ್ ಮ್ಯೂಸಿಕ್ ವಿಡಿಯೊಗಳಲ್ಲಿ ಹೆಸರು ಮಾಡಿದವರು. ಅದು ಪ್ರತಿ ಫ್ರೇಮಿನಲ್ಲೂ ಗೊತ್ತಾಗುತ್ತದೆ. ಶುರುವಿಗೆ ಪೋರ್ಟೊ ರಿಕೊದ ಒಂದು ದಂತಕಥೆ: ಪ್ರೇಮಿಗಳಲ್ಲಿ ಒಬ್ಬಳು ಕೆಂಪು ಹೂವಾಗುತ್ತಾಳೆ, ಇನ್ನೊಬ್ಬ ಅವಳನ್ನು ಹುಡುಕುವ ಹಮ್ಮಿಂಗ್‌ಬರ್ಡ್ ಹಕ್ಕಿಯಾಗುತ್ತಾನೆ. ಆಮೇಲೆ ಒಂದು ದೈತ್ಯ ಕಾರ್ಖಾನೆ. ಅಲ್ಲಿ ಯಂತ್ರದ ಹೃದಯವೊಂದು ಹೂವಿನ ಎಸಳಿನಿಂದ ನಡೆಯುತ್ತದೆ. ಎಸಳು ಖಾಲಿಯಾದರೆ ಹೃದಯ ನಿಲ್ಲುತ್ತದೆ. ನಾಯಕಿ ಕಾರ್ಮಿಕರ ಜೊತೆ ಕುಣಿಯುತ್ತಾ ಅದನ್ನು ಉಳಿಸಲು ಓಡುತ್ತಾಳೆ.

ಮೇಲೆ ಆಕಾಶದಲ್ಲಿ ರಾಶಿಗಳ ಸಭೆ ಬೇರೆ. ನಾಯಕಿಯ ಪ್ರೇಮ ಜೀವನವನ್ನು ನೋಡುತ್ತಾ ಅವು ತಲೆ ಚಚ್ಚಿಕೊಳ್ಳುತ್ತವೆ. ಆ ಸಭೆಯಲ್ಲಿ ನಟಿ ಜೇನ್ ಫೋಂಡಾ, ಹಾಸ್ಯಗಾರ ಟ್ರೆವರ್ ನೋವಾ, ಗಾಯಕ ಪೋಸ್ಟ್ ಮಲೋನ್ ಇದ್ದಾರೆ. ನಮ್ಮ ಮೈಸೂರಿನಲ್ಲಿ ಹುಟ್ಟಿದ ಸದ್ಗುರು ಜಗ್ಗಿ ವಾಸುದೇವ್ ಕೂಡ ಇದ್ದಾರೆ. ಜೊತೆಗೆ ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್. ಖಗೋಳ ವಿಜ್ಞಾನಿಯನ್ನು ತಂದು ರಾಶಿಯಾಗಿ ಕೂರಿಸುವುದು ಯಾರ ತಲೆಗೆ ಹೊಳೆಯಿತೋ!

ಒಂದು ಹಾಡನ್ನು ಹತ್ತಿರದಿಂದ ನೋಡೋಣ. ‘ಕ್ಯಾಂಟ್ ಗೆಟ್ ಇನಫ್’ ಹಾಡು ಮದುವೆ ಮನೆಯಲ್ಲಿ ನಡೆಯುತ್ತದೆ. ಅದೇ ಹಾಡು ಸಾಗುತ್ತಿರುವಾಗಲೇ ಗಂಡ ಬದಲಾಗುತ್ತಾನೆ. ಒಬ್ಬ, ಆಮೇಲೆ ಇನ್ನೊಬ್ಬ, ಆಮೇಲೆ ಮತ್ತೊಬ್ಬ. ಮದುಮಗಳ ಉತ್ಸಾಹ ಮಾತ್ರ ಅಷ್ಟೇ. ಆಫ್ಲೆಕ್‌ಗೂ ಮುಂಚೆ ಲೋಪೆಜ್‌ಗೆ ಮೂರು ಮದುವೆ ಆಗಿದ್ದವು. ನೋಡುವವರು ಬೆರಳು ಮಡಿಸಿ ಲೆಕ್ಕ ಹಾಕಲಿ ಅಂತಲೇ ಅವರು ಇದನ್ನು ಇಟ್ಟಿದ್ದಾರೆ. ಮುಂದೆ ಗೆಳೆಯರೆಲ್ಲ ಸೇರಿ ಆಕೆಯನ್ನು ಕೂರಿಸಿಕೊಂಡು ಬುದ್ಧಿ ಹೇಳುತ್ತಾರೆ. ಪ್ರೀತಿಯ ಚಟ ಬಿಡಿಸುವ ಗುಂಪಿಗೂ ಆಕೆ ಹೋಗುತ್ತಾಳೆ. ಆಫ್ಲೆಕ್ ಕೂಡ ಬಣ್ಣದ ಕೂದಲು, ನಕಲಿ ಮುಖ ಹಾಕಿಕೊಂಡು ಟೀವಿ ನಿರೂಪಕನಾಗಿ ಬಂದು ಕೂಗಾಡುತ್ತಾರೆ. ಗುರುತು ಹಿಡಿಯುವುದೇ ಕಷ್ಟ.

ಇಲ್ಲಿ ಗಮನಿಸಿ. ತಾರೆ ತನ್ನ ಬಗ್ಗೆಯೇ ಚಿತ್ರ ಮಾಡಿದರೂ, ಆ ಚಿತ್ರ ತಾರೆಯನ್ನು ಗೇಲಿ ಮಾಡುತ್ತಿದೆ. ಅದಕ್ಕೇ ವಿಮರ್ಶಕರಲ್ಲಿ ಬಹಳ ಮಂದಿ ಮೆದುವಾದರು. ‘ವಿಚಿತ್ರ, ಅತಿ, ಆದರೆ ಧೈರ್ಯ ಇದೆ’ ಅನ್ನುವ ಧಾಟಿಯ ಮಾತುಗಳೇ ಜಾಸ್ತಿ ಬಂದವು. ಸಾಮಾನ್ಯ ನೋಡುಗರಲ್ಲಿ ಇಷ್ಟವಾಗದವರು ಬೇಕಾದಷ್ಟಿದ್ದರು. ಆದರೆ ಅವರ ಸಿಟ್ಟಿಗೂ ಒಂದು ಮಿತಿ ಇತ್ತು. ಇಷ್ಟೊಂದು ಜರಿ, ಇಷ್ಟೊಂದು ಕಂಪ್ಯೂಟರ್ ಚಿತ್ರಗಳು ಇರುವ ಚಿತ್ರವನ್ನು ‘ಸುಳ್ಳು’ ಅಂತ ಬೈಯ್ಯುವುದು ಹೇಗೆ? ಅದು ವೇಷ ಹಾಕಿಕೊಂಡೇ ಬಂದಿದೆ ಅಲ್ವಾ.

ಹನ್ನೊಂದು ದಿನ ಕಳೆದ ಮೇಲೆ

ಫೆಬ್ರವರಿ 27ಕ್ಕೆ ಅದೇ ಪ್ರೈಮ್ ವಿಡಿಯೊದಲ್ಲಿ ‘ದ ಗ್ರೇಟೆಸ್ಟ್ ಲವ್ ಸ್ಟೋರಿ ನೆವರ್ ಟೋಲ್ಡ್’ ಎಂಬ ಸಾಕ್ಷ್ಯಚಿತ್ರ ಬಂತು. ಸಂಗೀತ ಚಿತ್ರ ಹೇಗೆ ತಯಾರಾಯಿತು ಅಂತ ತೋರಿಸುವ ಚಿತ್ರ. ಕಥೆ ತಿರುಗಿದ್ದು ಇಲ್ಲಿ. ಪ್ರಬಂಧ ಬರೆಯುವವರು ಸಾಮಾನ್ಯವಾಗಿ ಎರಡನ್ನೂ ಒಂದೇ ಬುಟ್ಟಿಗೆ ಹಾಕಿಬಿಡುತ್ತಾರೆ. ಹಾಗೆ ಮಾಡಬೇಡಿ.

ಸಾಕ್ಷ್ಯಚಿತ್ರದಲ್ಲಿ ಆಫ್ಲೆಕ್ ಹಿಂದೆ ಬರೆದ ಪ್ರೇಮಪತ್ರಗಳ ಪುಸ್ತಕವೊಂದು ಬರುತ್ತದೆ. ಪತ್ರಗಳನ್ನೆಲ್ಲ ಒಟ್ಟು ಮಾಡಿ ಅವರೇ ಉಡುಗೊರೆ ಕೊಟ್ಟಿದ್ದು. ಲೋಪೆಜ್ ಅದನ್ನು ಹಾಡು ಕಟ್ಟುವ ತಂಡದ ಕೈಗೆ ಕೊಟ್ಟಿದ್ದರು, ಸ್ಫೂರ್ತಿ ಬರಲಿ ಅಂತ. ಕ್ಯಾಮೆರಾ ಮುಂದೆ ಆಫ್ಲೆಕ್ ಮುಖದಲ್ಲಿ ನಗುವೂ ಇದೆ, ಮುಜುಗರವೂ ಇದೆ. ಖಾಸಗಿ ಸಂಗತಿ ಖಾಸಗಿಯಾಗಿದ್ದರೇ ಅದಕ್ಕೆ ಬೆಲೆ ಎಂಬರ್ಥದ ಮಾತು ಆಡುತ್ತಾರೆ. ಜೇನ್ ಫೋಂಡಾ ಕೂಡ ಒಂದು ಕಡೆ ಲೋಪೆಜ್‌ಗೆ ಎಚ್ಚರಿಕೆ ಕೊಡುತ್ತಾರೆ: ನೀವಿಬ್ಬರೂ ಸುಮ್ನೆ ಬದುಕುವ ಬದಲು ಏನನ್ನೋ ಸಾಬೀತು ಮಾಡಲು ಹೊರಟಂತೆ ಕಾಣುತ್ತಿದೆ ಅಂತ. ಪ್ರೇಕ್ಷಕರು ಹೇಳಬೇಕಿದ್ದ ಮಾತನ್ನು ಚಿತ್ರದೊಳಗಿನವರೇ ಹೇಳಿಬಿಟ್ಟರು.

ಜನ ಹಿಡಿದುಕೊಂಡಿದ್ದು ಮಾತ್ರ ಇದಕ್ಕಿಂತ ಚಿಕ್ಕ ಒಂದು ತುಣುಕನ್ನು. ಲೋಪೆಜ್ ಕನ್ನಡಿ ಮುಂದೆ ನಿಂತಿದ್ದಾರೆ. ಕೂದಲನ್ನು ಕೈಯಲ್ಲಿ ಕೆದರಿಕೊಳ್ಳುತ್ತಾರೆ. ಹದಿನಾರನೇ ವಯಸ್ಸಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಬೀದಿಯಲ್ಲಿ ಓಡಾಡುತ್ತಿದ್ದ ಆ ಹುಚ್ಚು ಹುಡುಗಿ ನೆನಪಾಗುತ್ತಾಳೆ ಎನ್ನುತ್ತಾರೆ. ಅಷ್ಟೇ. ಕೆಲವು ಸೆಕೆಂಡಿನ ತುಣುಕು. ಅದು ಟಿಕ್‌ಟಾಕ್‌ಗೆ ಹೋಯಿತು. ಸಾವಿರಾರು ಜನ ಕನ್ನಡಿ ಮುಂದೆ ನಿಂತು ಕೂದಲು ಕೆದರಿಕೊಂಡು ಅದೇ ಮಾತನ್ನು ಅಣಕಿಸಿದರು. ನಮ್ಮಲ್ಲಿ ಟಿಕ್‌ಟಾಕ್ ಇಲ್ಲ, ಆದರೂ ರೀಲ್ಸ್ ಮೂಲಕ ಇಲ್ಲಿಗೂ ಬಂತು. ಆ ಅಣಕ ನೋಡಿದವರಲ್ಲಿ ಎಷ್ಟೋ ಜನ ಮೂಲ ಚಿತ್ರದ ಒಂದು ನಿಮಿಷವನ್ನೂ ನೋಡಿರಲಿಲ್ಲ ಅನ್ನುವುದು ನನ್ನ ಅಂದಾಜು.

ಇಲ್ಲೊಂದು ತಮಾಷೆ ಇದೆ. ಸಂಗೀತ ಚಿತ್ರದ ಕೊನೆಯಲ್ಲೂ ಇದೇ ಬ್ರಾಂಕ್ಸ್ ಹುಡುಗಿ ಬರುತ್ತಾಳೆ. ನಾಯಕಿ ತನ್ನ ಬಾಲ್ಯದ ರೂಪವನ್ನು ತಬ್ಬಿಕೊಳ್ಳುತ್ತಾಳೆ. ಅದಕ್ಕೆ ಅಷ್ಟು ಅಣಕ ಬರಲಿಲ್ಲ. ಮಾತು ಒಂದೇ, ಭಾವನೆ ಒಂದೇ. ಒಂದು ಕಡೆ ಅದು ಪಾತ್ರ. ಇನ್ನೊಂದು ಕಡೆ ‘ಇದೇ ನಿಜವಾದ ನಾನು, ಮೇಕಪ್ ಇಲ್ಲದ ನಾನು’ ಎಂಬ ಹೇಳಿಕೆ. ಜನ ಸ್ವಪ್ರೇಮವನ್ನು ಸಹಿಸಿಕೊಳ್ಳುತ್ತಾರೆ. ಕ್ಯಾಮೆರಾ ಇಟ್ಟುಕೊಂಡು ‘ನಾನು ಸಹಜವಾಗಿದ್ದೇನೆ’ ಅಂದಾಗ ಅನುಮಾನ ಪಡುತ್ತಾರೆ. ಈ ಇಡೀ ಟಿಪ್ಪಣಿಯಲ್ಲಿ ಅಂಡರ್‌ಲೈನ್ ಮಾಡಬೇಕಾದ ಸಾಲು ಅದು.

ಈ ಮಾತು ಬೇರೆ ಕಡೆ ನಿಲ್ಲುತ್ತದಾ?

ಗಾಯಕ ಪ್ರಿನ್ಸ್ ಅವರ ‘ಪರ್ಪಲ್ ರೇನ್’ (1984) ನೋಡಿ. ನಾಯಕ ಅವರದೇ ನೆರಳು. ಅವನಿಗೆ ಹೆಸರೂ ಇಲ್ಲ, ‘ದ ಕಿಡ್’ ಅಷ್ಟೇ. ಅವನು ಸೊಕ್ಕಿನವನು. ತಂಡದ ಹುಡುಗಿಯರು ಮಾಡಿದ ರಾಗವನ್ನು ಕೇಳುವ ತಾಳ್ಮೆಯೂ ಅವನಿಗಿಲ್ಲ. ಚಿತ್ರ ಅವನಿಗೆ ಪಾಠ ಕಲಿಸುತ್ತದೆ. ಕೊನೆಗೆ ವೇದಿಕೆ ಮೇಲೆ ಅವನು ಹಾಡುವುದು ಆ ಹುಡುಗಿಯರದೇ ರಾಗದಿಂದ ಹುಟ್ಟಿದ ಹಾಡನ್ನು. ಜನ ಮುಗಿಬಿದ್ದರು, ಸಂಗೀತಕ್ಕೆ ಆಸ್ಕರ್ ಬಂತು. ಎರಡು ವರ್ಷದ ಮೇಲೆ ಪ್ರಿನ್ಸ್ ತಾವೇ ನಿರ್ದೇಶಿಸಿದ ‘ಅಂಡರ್ ದ ಚೆರ್ರಿ ಮೂನ್’ ಬಂದಾಗ, ವರ್ಷದ ಅತಿ ಕೆಟ್ಟ ಚಿತ್ರಕ್ಕೆ ಕೊಡುವ ರಾಜ್ಜಿ ಸಿಕ್ಕಿತು. ಅದನ್ನೂ ಇನ್ನೊಂದು ಚಿತ್ರದ ಜೊತೆ ಹಂಚಿಕೊಳ್ಳಬೇಕಾಯಿತು. ಅದೂ ವೇಷದ ಚಿತ್ರವೇ. ಹಾಗಾಗಿ ವೇಷ ಒಂದೇ ಕಾಪಾಡುತ್ತದೆ ಅಂತ ಬರೆಯಬೇಡಿ, ಪರೀಕ್ಷಕರು ಇದೇ ಉದಾಹರಣೆ ಹಿಡಿದು ಕೇಳಬಹುದು.

ಗಾಯಕಿ ಬಿಯಾನ್ಸೆ ಅವರ ‘ಲೆಮನೇಡ್’ (2016) ಬೇರೆಯೇ ದಾರಿ. ಗಂಡನ ಮೋಸದ ಕಥೆಯಿಂದ ಶುರುವಾಗುತ್ತದೆ. ಆದರೆ ಹೋಗುತ್ತಾ ಹೋಗುತ್ತಾ, ಪೊಲೀಸರ ಅಥವಾ ಕಾವಲುಗಾರನ ಕೈಯಲ್ಲಿ ಸತ್ತ ಕಪ್ಪು ಅಮೆರಿಕನ್ನರಾದ ಟ್ರೇವಾನ್ ಮಾರ್ಟಿನ್, ಮೈಕಲ್ ಬ್ರೌನ್, ಎರಿಕ್ ಗಾರ್ನರ್ ಅವರ ತಾಯಂದಿರು ಸತ್ತ ಮಕ್ಕಳ ಫೋಟೊ ಹಿಡಿದು ಕೂರುತ್ತಾರೆ. ಕಥೆ ತಾರೆಯ ಮನೆ ಬಿಟ್ಟು ಬೀದಿಗೆ ಬರುತ್ತದೆ. ನೋಡಿದ ಕಪ್ಪು ಮಹಿಳೆಯರು ಅದನ್ನು ತಮ್ಮ ಕಥೆ ಅಂತ ಓದಿಕೊಂಡರು.

ಗಾಯಕ ದ ವೀಕೆಂಡ್ ನಟಿಸಿದ ‘ಹರಿ ಅಪ್ ಟುಮಾರೊ’ (2025) ಇದಕ್ಕೆ ಉಲ್ಟಾ. 2022ರಲ್ಲಿ ಲಾಸ್ ಏಂಜಲೀಸ್ ಕಾರ್ಯಕ್ರಮದಲ್ಲಿ ಅವರ ಗಂಟಲು ಕೈಕೊಟ್ಟ ನಿಜ ಘಟನೆಯೇ ಅದರ ಬೀಜ. ಚಿತ್ರದಲ್ಲಿ ನಟಿ ಜೆನ್ನಾ ಒರ್ಟೆಗಾ ಅವರ ಪಾತ್ರ ಗಾಯಕನನ್ನು ಮಂಚಕ್ಕೆ ಕಟ್ಟಿಹಾಕಿ, ಅವನದೇ ಹಾಡು ಹಾಕಿ, ಅದರ ಅರ್ಥವನ್ನು ಅವನಿಗೇ ವಿವರಿಸುತ್ತದೆ. ವಿಮರ್ಶಕರು ಬಿಡುತ್ತಾರಾ?

ಬರೆಯುವಾಗ

ಅಂಕಿಗಳ ವಿಷಯದಲ್ಲಿ ಹುಷಾರು. ಲೋಪೆಜ್ ಅವರ 2024ರ ಆಲ್ಬಮ್ ಅಮೆರಿಕದ ಆಲ್ಬಮ್‌ಗಳ ಜನಪ್ರಿಯತೆ ಅಳೆಯುವ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 38ನೇ ಜಾಗಕ್ಕೆ ನಿಂತಿತು. 2002ರದ್ದು 2ನೇ ಜಾಗದವರೆಗೆ ಹೋಗಿತ್ತು. 2024ರ ಬೇಸಿಗೆಯ ಪ್ರವಾಸ ಮೇ 31ರಂದು ರದ್ದಾಯಿತು, ಕುಟುಂಬದ ಜೊತೆ ಇರಲು ಅಂತ ಕಾರಣ ಕೊಟ್ಟರು. ಇವು ಆಲ್ಬಮ್‌ನ ಮತ್ತು ಪ್ರವಾಸದ ಅಂಕಿಗಳು. ಚಿತ್ರಕ್ಕೆ ಟಿಕೆಟ್ ಮಾರಾಟವೇ ಇರಲಿಲ್ಲ. ಆದ್ದರಿಂದ ‘ಚಿತ್ರ ಸೋತಿತು, ಯಾಕೆಂದರೆ ಆಲ್ಬಮ್ 38ನೇ ಜಾಗ’ ಅಂತ ಬರೆದರೆ ಮಾರ್ಕ್ಸ್ ಹೋಗುತ್ತದೆ.

ಇನ್ನೊಂದು, ಪ್ರತಿಕ್ರಿಯೆಗೆ ತಾರೀಖು ಹಾಕಿ. ಗಾಯಕಿ ಮರಾಯಾ ಕ್ಯಾರಿ ನಟಿಸಿದ ‘ಗ್ಲಿಟರ್’ 2001ರ ಸೆಪ್ಟೆಂಬರ್ 21ಕ್ಕೆ ಬಿಡುಗಡೆಯಾಯಿತು. ಅದರ ಹಾಡುಗಳ ಆಲ್ಬಮ್ ಬಂದಿದ್ದು ಸೆಪ್ಟೆಂಬರ್ 11ಕ್ಕೆ, ಅವಳಿ ಗೋಪುರ ಉರುಳಿದ ದಿನವೇ. ಎರಡೂ ನೆಲಕಚ್ಚಿದವು. 2018ರ ನವೆಂಬರ್‌ನಲ್ಲಿ ಅಭಿಮಾನಿಗಳು ‘ಗ್ಲಿಟರ್‌ಗೆ ನ್ಯಾಯ ಬೇಕು’ ಅಂತ ಹ್ಯಾಷ್‌ಟ್ಯಾಗ್ ಹಿಡಿದು ಆ ಆಲ್ಬಮ್ಮನ್ನು ಐಟ್ಯೂನ್ಸ್‌ನಲ್ಲಿ ಮೊದಲ ಸ್ಥಾನಕ್ಕೆ ಏರಿಸಿದರು. ಇವೆರಡನ್ನೂ ಸೇರಿಸಿ ‘ಮಿಶ್ರ ಪ್ರತಿಕ್ರಿಯೆ’ ಅಂದರೆ ಏನೂ ಹೇಳಿದಂತಾಗುವುದಿಲ್ಲ.

ಲೋಪೆಜ್ 2024ರ ಆಗಸ್ಟ್ 20ರಂದು ವಿಚ್ಛೇದನಕ್ಕೆ ಅರ್ಜಿ ಹಾಕಿದರು. ಜಾರ್ಜಿಯಾದಲ್ಲಿ ನಡೆದ ಇದೇ ಜೋಡಿಯ ಎರಡನೇ ಮದುವೆ ಸಮಾರಂಭಕ್ಕೆ ಅವತ್ತಿಗೆ ಸರಿಯಾಗಿ ಎರಡು ವರ್ಷ. ಆಮೇಲೆ ಚಿತ್ರ ನೋಡಿದವರಿಗೆ ಆ ಮೂರು ಗಂಡಂದಿರ ಹಾಡು ಬೇರೆಯೇ ಥರ ಕೇಳಿಸುತ್ತದೆ. ಹಾಗಾಗಿ ಈ ಒಂದು ಚಿತ್ರಕ್ಕೆ ಮೂರು ಪ್ಯಾರಾ ಬೇಕು: ಫೆಬ್ರವರಿಯಲ್ಲಿ ನೋಡಿದವರದ್ದು, ಕನ್ನಡಿ ತುಣುಕು ಹರಿದಾಡಿದಾಗ ನಕ್ಕವರದ್ದು, ಆಗಸ್ಟ್ ಆದ ಮೇಲೆ ನೋಡಿದವರದ್ದು. ಎರಡನೇ ಪ್ಯಾರಾ ಬರೆಯುವಾಗ, ಅವರು ಚಿತ್ರ ನೋಡಿದ್ದರೋ ಬರೀ ಅಣಕ ನೋಡಿದ್ದರೋ ಅನ್ನುವುದನ್ನು ಮೊದಲ ಸಾಲಿನಲ್ಲೇ ಹೇಳಿ.