ಕಾರ್ಕ್ ನಗರದ ನೀರಿನ ತಕರಾರು: ಜೌಗಿನ ಮೇಲೆ ನಿಂತ ಊರಿನ ಹಿನ್ನೆಲೆ

ಐರ್ಲೆಂಡಿನ ಕಾರ್ಕ್ ನಗರದಲ್ಲಿ ಲೀ ನದಿಯ ದಂಡೆಗೆ ಪ್ರವಾಹ ತಡೆಗೋಡೆ ಬೇಕೇ ಬೇಡವೇ ಎಂಬ ವಾದ ವರ್ಷಗಟ್ಟಲೆ ನಡೆದಿದೆ. ಅಣೆಕಟ್ಟು, ಸಮುದ್ರದ ಉಬ್ಬರ, ಹಳೆಯ ಕಲ್ಲುಕಟ್ಟೆ, ಕೋರ್ಟು ಎಲ್ಲವೂ ಒಂದರೊಳಗೊಂದು ಸಿಕ್ಕಿಕೊಂಡಿವೆ. ಇದನ್ನು ಬಿಡಿಸಲು ಊರಿನ ಹೆಸರಿನಿಂದಲೇ ಶುರುಮಾಡಬೇಕು. ಕಾರ್ಕ್ ಎಂಬುದು ಐರಿಷ್ ಭಾಷೆಯಲ್ಲಿ ಜೌಗು ನೆಲಕ್ಕಿರುವ ಹೆಸರಿನಿಂದ ಬಂದದ್ದು.

ಸಂತ ಫಿನ್‌ಬಾರ್ ಹೆಸರಿನ ಮಠ, ವೈಕಿಂಗರ ವ್ಯಾಪಾರದ ನೆಲೆ, ನಾರ್ಮನ್ನರ ಕೋಟೆ, 1690ರ ಮುತ್ತಿಗೆ: ಇಷ್ಟೂ ಕಾಲ ಊರು ನದಿಯ ಕವಲುಗಳ ನಡುವಿನ ದ್ವೀಪಗಳ ಮೇಲೆ, ಅವುಗಳ ಸುತ್ತಮುತ್ತಲೇ ಬದುಕಿತು. ನಗರದ ಲಾಂಛನದಲ್ಲಿ ಎರಡು ಗೋಪುರಗಳ ನಡುವೆ ಹಾಯಿಹಡಗೊಂದಿದೆ. ಅದು ಬರೀ ಅಲಂಕಾರವಲ್ಲ, ಹಡಗುಗಳು ಕೋಟೆಯೊಳಕ್ಕೆ ಬರುತ್ತಿದ್ದ ನೀರುಬಾಗಿಲ ಚಿತ್ರ.

18ನೇ ಶತಮಾನದಲ್ಲಿ ಬೆಣ್ಣೆ, ಉಪ್ಪುಮಾಂಸದ ವ್ಯಾಪಾರ ಬೆಳೆದು ಜಾಗ ಸಾಲದಾಯಿತು. ಜೌಗಿಗೆ ಮಣ್ಣು ತುಂಬಿದರು, ಕಾಲುವೆಗಳ ಮೇಲೆ ಕಮಾನು ಕಟ್ಟಿ ರಸ್ತೆ ಮಾಡಿದರು. ಮುಖ್ಯ ಪೇಟೆಯಾದ ಸೇಂಟ್ ಪ್ಯಾಟ್ರಿಕ್ ಬೀದಿ ಹಾಗೆ ಬಾಗಿರುವುದು ಅದರಡಿಯ ಕವಲು ಬಾಗಿದ್ದರಿಂದ. ಸೌತ್ ಮಾಲ್ ರಸ್ತೆಯಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿನ ಕೆಲವು ಹಳೆಯ ಮನೆಗಳ ಮುಂಬಾಗಿಲು ರಸ್ತೆಮಟ್ಟದಲ್ಲಿಲ್ಲ, ಕಲ್ಲಿನ ಮೆಟ್ಟಿಲೇರಿ ಹೋಗಬೇಕು. ಮೆಟ್ಟಿಲ ಪಕ್ಕದಲ್ಲಿ, ಕೆಳಗೆ, ಇನ್ನೊಂದು ಗಿಡ್ಡ ಬಾಗಿಲು. ಇಂದಿನ ರಸ್ತೆ ಕಾಲುವೆಯಾಗಿದ್ದಾಗ ದೋಣಿಯ ಸರಕು ಇಳಿದು ಹೋಗುತ್ತಿದ್ದ ಉಗ್ರಾಣ ಅದು. ಮನೆಯವರು ಮೇಲೆ, ನೀರಿಗೆ ತಾಗುವುದೆಲ್ಲ ಕೆಳಗೆ ಎಂಬ ಲೆಕ್ಕವನ್ನು ಕಟ್ಟಿದವರು ಸರಿಯಾಗಿಯೇ ಇಟ್ಟಿದ್ದರು.

ಉತ್ತರದ ಗುಡ್ಡದಲ್ಲಿರುವ, 1722ರ ಶ್ಯಾಂಡನ್ ಗಂಟೆಗೋಪುರಕ್ಕೆ ನದಿಯ ಕಾಟವಿಲ್ಲ. ಕೆಳಪೇಟೆಗೆ ಮಾತ್ರ ಅದು ತಪ್ಪಲಿಲ್ಲ. 1789ರ ಸೇಂಟ್ ಪ್ಯಾಟ್ರಿಕ್ ಸೇತುವೆಯನ್ನು 1853ರ ಪ್ರವಾಹ ಕೊಚ್ಚಿಕೊಂಡು ಹೋಯಿತು. ಈಗಿನದು 1861ರದ್ದು.

1950ರ ದಶಕದಲ್ಲಿ ವಿದ್ಯುತ್ತಿಗಾಗಿ ಮೇಲ್ದಂಡೆಯಲ್ಲಿ ಕ್ಯಾರಿಗಡ್ರೋಹಿಡ್, ಇನಿಸ್ಕಾರಾ ಅಣೆಕಟ್ಟುಗಳು ಬಂದವು. ಅಣೆಕಟ್ಟು ಇದ್ದ ಮೇಲೆ ಪ್ರವಾಹದ ಭಯವಿಲ್ಲ ಎಂಬ ನಂಬಿಕೆಯೂ ಜೊತೆಗೇ ಬೆಳೆಯಿತು. ವಿದ್ಯುತ್ತಿಗೆ ಜಲಾಶಯ ತುಂಬಿರಬೇಕು, ಪ್ರವಾಹ ಹಿಡಿಯಲು ಅದರಲ್ಲಿ ಖಾಲಿ ಜಾಗ ಇರಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ. 2009ರ ನವೆಂಬರ್ 19ರ ರಾತ್ರಿ ಇನಿಸ್ಕಾರಾದ ಹೊರಹರಿವು ಸೆಕೆಂಡಿಗೆ ಸುಮಾರು 535 ಘನ ಮೀಟರಿಗೆ, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 19 ಸಾವಿರ ಕ್ಯೂಸೆಕ್ಕಿಗೆ, ಏರಿತು. ಗ್ರೆನ್‌ವಿಲ್ ಪ್ಲೇಸ್‌ನಲ್ಲಿ ದಂಡೆಯ ಕಟ್ಟೆ ಕುಸಿಯಿತು. ನೀರು ಶುದ್ಧೀಕರಣ ಘಟಕ ಮುಳುಗಿ, ಸಾವಿರಾರು ಮನೆಗಳ ನಲ್ಲಿಯಲ್ಲಿ ದಿನಗಟ್ಟಲೆ ನೀರಿಲ್ಲ. ಅಣೆಕಟ್ಟು ನಡೆಸುವವರ ಮೇಲೂ ಹೊಣೆಯಿದೆ ಎಂದು ಹೈಕೋರ್ಟು ಹೇಳಿತು, ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಅಣೆಕಟ್ಟು ನಡೆಸುವವರು ಕೆಳಗಿನವರ ಬಗ್ಗೆಯೂ ಕಾಳಜಿ ವಹಿಸಬೇಕು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು.

2014ರ ಫೆಬ್ರವರಿಯಲ್ಲಿ ಪೇಟೆಗೆ ನುಗ್ಗಿದ್ದು ಬೇರೆಯದೇ ನೀರು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು. ಆಗ ವಾಯುಭಾರ ಒಂದು ಹೆಕ್ಟೋಪ್ಯಾಸ್ಕಲ್ (ವಾಯುಭಾರ ಅಳೆಯುವ ಮಾನ) ಇಳಿದರೆ ಸಮುದ್ರ ಸುಮಾರು 1 ಸೆಂಟಿಮೀಟರ್ ಏರುತ್ತದೆ, 40 ಇಳಿದರೆ 40 ಸೆಂಟಿಮೀಟರ್. ಬಂದರಿನೊಳಕ್ಕೆ ತಳ್ಳುವ ಆಗ್ನೇಯ ಗಾಳಿಯೂ ಸೇರಿಕೊಂಡರೆ ನದಿಯಲ್ಲಿ ಪ್ರವಾಹ ಇಲ್ಲದೆಯೂ ಪೇಟೆ ಮುಳುಗುತ್ತದೆ.

ಚರ್ಚೆಯ ಎಳೆ ತಪ್ಪುವುದು ಇಲ್ಲೇ. 2016ರ ಡಿಸೆಂಬರಿನಲ್ಲಿ ಮುಂದಿಟ್ಟ ಸರ್ಕಾರಿ ಯೋಜನೆಯಲ್ಲಿ ದಂಡೆಗೋಡೆ, ಬೇಕಾದಾಗ ಜೋಡಿಸುವ ತಡೆಹಲಗೆ, ದಕ್ಷಿಣ ಕವಲಿಗೆ ನೀರು ನಿಯಂತ್ರಿಸುವ ಗೇಟು, ಮಳೆಗೆ ಮೊದಲೇ ಜಲಾಶಯ ಇಳಿಸುವ ಹೊಸ ನಿಯಮ ಎಲ್ಲ ಇದ್ದವು. ಗೋಡೆ ಎದ್ದರೆ ಊರಿಗೂ ನದಿಗೂ ಇದ್ದ ನಂಟೇ ಕಡಿಯುತ್ತದೆ ಎಂದ ಪರಂಪರೆಯ ಪರವಾದವರು ಕೆಳಗೆ, ಬಂದರಿನ ಕಡೆ, ಉಬ್ಬರ ತಡೆಯುವ ಗೇಟು ಕೇಳಿದರು. ಆ ಗೇಟು 2014ರ ನೀರನ್ನು ತಡೆದೀತು, ಮೇಲಿನಿಂದ ಬಂದ 2009ರ ನೀರನ್ನು ತಡೆಯದು. ಖರ್ಚಿನ ವಿಷಯದಲ್ಲೂ ಎರಡು ಕಡೆಯ ಅಂದಾಜಿಗೆ ಹಲವು ಪಟ್ಟು ಅಂತರ. ಜಲಾಶಯವನ್ನು ಮೊದಲೇ ಇಳಿಸುವುದಕ್ಕೆ ಗೋಡೆಯಷ್ಟು ಕಲ್ಲೂ ಬೇಡ, ಹಣವೂ ಬೇಡ. ವಾದದಲ್ಲಿ ಅದಕ್ಕೇ ಕಡಿಮೆ ಜಾಗ ಸಿಕ್ಕಿತು.

ಮೂರನೆಯ ನೀರೊಂದಿದೆ, ನೆಲದಡಿಯದು. ಹಳೆಯ ಕಟ್ಟೆಗಳಿಗೆ ಮುಂದೆ ಸುಣ್ಣಕಲ್ಲು, ಹಿಂದೆ ತುಂಬಿದ ಮಣ್ಣು, ಜಲ್ಲಿ. ಸಂದು ಬಿಟ್ಟಲ್ಲಿ ಉಬ್ಬರದ ನೀರು ಒಳಗೆ ಜಿನುಗುತ್ತದೆ, ಇಳಿತದಲ್ಲಿ ಮಣ್ಣನ್ನೂ ಎಳೆದುಕೊಂಡು ಹೊರಡುತ್ತದೆ. ವರ್ಷಗಟ್ಟಲೆ ಹೀಗಾದರೆ ಕಟ್ಟೆಯ ಬೆನ್ನು ಪೊಳ್ಳು. ಮೇಲೆ ಗೋಡೆ ಏರಿಸುವ ಮೊದಲು ಸಂದಿಗೆ ಗಾರೆ ತುಂಬಬೇಕು, ಪ್ರತಿ ಚರಂಡಿ ಬಾಯಿಗೆ ಒಂದೇ ಕಡೆ ತೆರೆಯುವ ಕವಾಟ ಹಾಕಬೇಕು, ಒಳಗೆ ನಿಲ್ಲುವ ಮಳೆನೀರಿಗೆ ಪಂಪು ಇಡಬೇಕು. ಕವಾಟಕ್ಕೆ ಒಂದು ಕಡ್ಡಿ ಸಿಕ್ಕಿ ಮುಚ್ಚದೆ ಉಳಿದರೂ ನದಿ ಚರಂಡಿಯ ದಾರಿಯಲ್ಲೇ ಪೇಟೆಗೆ ಬರುತ್ತದೆ. ತನ್ನದೇ ಕೋರ್ಟಿನ ಸುತ್ತು ಮುಗಿಸಿ 2023ರಲ್ಲಿ ಶುರುವಾದ, ಮಾರಿಸನ್ಸ್ ಐಲೆಂಡ್ ದಂಡೆಯ ಪ್ರವಾಹ ತಡೆ ಕೆಲಸ ಸೌತ್ ಮಾಲಿನ ಆ ಗಿಡ್ಡ ಬಾಗಿಲುಗಳ ಬೆನ್ನಿಗೇ ಇದೆ.