ಆಫ್ ಮಾಡಿದರೂ ಆಫ್ ಆಗದ ಲ್ಯಾಪ್‌ಟಾಪ್

ಮಳೆ ಸುರಿಯುವ ಆಟಿ ತಿಂಗಳು ಬಂತೆಂದರೆ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಕಪಾಟಿನೊಳಗಿನ ಚರ್ಮದ ಚೀಲಕ್ಕೂ ಬೂಷ್ಟು ಬರುತ್ತದೆ. ಮುಚ್ಚಳ ಬಿಗಿದ ಡಬ್ಬಿಯಲ್ಲೂ ಹಪ್ಪಳ ಮೆತ್ತಗಾಗುತ್ತದೆ. ಮೇಜಿನ ಮೇಲೆ ಮುಚ್ಚಿಟ್ಟ ಲ್ಯಾಪ್‌ಟಾಪಿಗೂ ಅದೇ ಗಾಳಿ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಕಾಸರಗೋಡಿನಲ್ಲಿ ಲ್ಯಾಪ್‌ಟಾಪ್ ಹಾಳಾಗುವ ಬಗೆಯೇ ಬೇರೆ, ಬಳ್ಳಾರಿಯಲ್ಲಿ ಹಾಳಾಗುವ ಬಗೆಯೇ ಬೇರೆ. ಅಲ್ಲಿ ಧೂಳು, ಇಲ್ಲಿ ಶೀತ, ಅಂದರೆ ಗಾಳಿಯ ತೇವ. ಕೆಟ್ಟ ಲ್ಯಾಪ್‌ಟಾಪಿನ ಮದರ್‌ಬೋರ್ಡನ್ನು, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡನ್ನು, ಭೂತಗನ್ನಡಿಯಲ್ಲಿ ನೋಡಿದರೆ ಕನೆಕ್ಟರಿನ ಕಾಲುಗಳ ಬುಡದಲ್ಲಿ ಹಸಿರು ಪುಡಿ ಕಾಣುತ್ತದೆ. ದೇವರ ಕೋಣೆಯ ತಾಮ್ರದ ತಂಬಿಗೆಯ ಅಂಚಿನಲ್ಲಿ ಕೂರುವುದೂ ಇದೇ ಕಿಲುಬು.

ತಂಬಿಗೆಗೆ ಕಿಲುಬು ಹಿಡಿಯಲು ವಾರಗಟ್ಟಲೆ ಬೇಕು. ಒದ್ದೆಯಾದ ಬೋರ್ಡಿಗೆ ಒಂದು ರಾತ್ರಿ ಸಾಕು, ಏಕೆಂದರೆ ಅಲ್ಲಿ ವೋಲ್ಟೇಜು ಇದೆ. ಬೋರ್ಡಿನ ಮೇಲೆ ಒಂದು ಮಿಲಿಮೀಟರಿಗೂ ಕಡಿಮೆ ಅಂತರದಲ್ಲಿ ಒಂದು ಗೆರೆ 3.3 ವೋಲ್ಟಿನದ್ದು, ಪಕ್ಕದ್ದು ಸೊನ್ನೆ ವೋಲ್ಟಿನದ್ದು. ನಡುವೆ ಉಪ್ಪಿನಂಶದ ಹನಿ ಕೂತರೆ ಧನ ಬದಿಯ ತಾಮ್ರ ಅಯಾನುಗಳಾಗಿ ಕರಗಿ ಋಣ ಬದಿಗೆ ಸಾಗುತ್ತದೆ. ಹೈಸ್ಕೂಲಿನಲ್ಲಿ ಕಾಪರ್ ಸಲ್ಫೇಟ್ ದ್ರಾವಣಕ್ಕೆ ಎರಡು ತಗಡು ಇಳಿಸಿ ಮಾಡುವ ಪ್ರಯೋಗವೇ ಇದು. ಇಲ್ಲಿ ಸವೆಯುವುದು ಕೂದಲಿಗಿಂತ ತೆಳ್ಳನೆಯ ತಾಮ್ರದ ಗೆರೆ, ಅಷ್ಟೆ.

ಆಫ್ ಮಾಡಿದ ಮೇಲೆ ವೋಲ್ಟೇಜು ಎಲ್ಲಿಂದ ಬಂತು? ಶಟ್‌ಡೌನ್ ಕೊಟ್ಟು ಪರದೆ ಕಪ್ಪಾದರೂ ಬ್ಯಾಟರಿ ಬೋರ್ಡಿಗೆ ಜೋಡಿಸಿಯೇ ಇರುತ್ತದೆ. ಪವರ್ ಬಟನ್ ಯಾರಾದರೂ ಒತ್ತಿದರೆ ತಿಳಿಯಲು ಒಳಗೊಂದು ಚಿಪ್ ಎಚ್ಚರವಾಗಿರಬೇಕು, ಅದಕ್ಕೆ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಮೂರು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದ ಬ್ಯಾಟರಿಯಾದರೆ ಅದರ ಸಾಲಿನಲ್ಲಿ ಸುಮಾರು 11ರಿಂದ 13 ವೋಲ್ಟ್ ಹಗಲಿರುಳೂ ನಿಂತಿರುತ್ತದೆ. ಹಿಂದಿನ ಮಾದರಿಗಳಲ್ಲಿ ಕೊಕ್ಕೆ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಈಗ ಅದು ಹೊಟ್ಟೆಯೊಳಗೆ, ಹತ್ತು ಸ್ಕ್ರೂಗಳ ಹಿಂದೆ. ಮನೆಯಲ್ಲಿ ಮಾಡುವ ರಿಪೇರಿಯಲ್ಲಿ ಆಗುವ ಅನಾಹುತಗಳಲ್ಲಿ ಎಷ್ಟೋ ಈ ಒಂದು ಸಂಗತಿಯನ್ನು ಮರೆತದ್ದರಿಂದ ಆಗುವಂಥವು.

ಹಾಗಾಗಿ ರಿಪೇರಿಗೆ ಲ್ಯಾಪ್‌ಟಾಪ್ ಬಿಚ್ಚುವ ಕ್ರಮವೆಂದರೆ ವಿದ್ಯುತ್ತನ್ನು ಹಂತಹಂತವಾಗಿ ಕಡಿಯುವ ಕ್ರಮ. ಮೊದಲು ಫೈಲುಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ಹಾಕಿ. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕೆಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಮದರ್‌ಬೋರ್ಡ್ ಬದಲಾದರೆ, ಕೆಲವೊಮ್ಮೆ ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ ಮೂಲ ತಂತ್ರಾಂಶ) ಸೆಟ್ಟಿಂಗ್ ಅಳಿಸಿಹೋದರೂ ಅದನ್ನೇ ಕೇಳುತ್ತದೆ, ಆಗ ಹುಡುಕಿ ಪ್ರಯೋಜನವಿಲ್ಲ. ಬ್ಯಾಟರಿ ಚಾರ್ಜು ಶೇಕಡಾ 25ಕ್ಕಿಂತ ಕೆಳಗಿಳಿಯಲಿ. ತುಂಬಿದ 50 ವಾಟ್-ಅವರ್ ಬ್ಯಾಟರಿಯಲ್ಲಿರುವ ಶಕ್ತಿ ಅರ್ಧ ಲೀಟರ್ ನೀರನ್ನು ಕುದಿಯಲು ತರುವಷ್ಟು. ಸ್ಕ್ರೂಡ್ರೈವರ್ ಜಾರಿ ಸೆಲ್ಲಿಗೆ ತಾಗಿದರೆ ಒಳಗೆ ಎಷ್ಟು ಉಳಿದಿದೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಇಲ್ಲವಾದರೆ ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಆಮೇಲೆ ಚಾರ್ಜರ್, ಪೆನ್‌ಡ್ರೈವ್, ಮೌಸ್ ಎಲ್ಲವನ್ನೂ ತೆಗೆಯಿರಿ.

ಮೇಜಿನ ಮೇಲೆ ಬಿಳಿ ಬೈರಾಸು (ಟವೆಲ್) ಹಾಸಿದರೆ ಸ್ಕ್ರೂ ಉರುಳುವುದಿಲ್ಲ, ಬಿದ್ದದ್ದೂ ಕಾಣುತ್ತದೆ. ಸ್ಕ್ರೂಗಳು ಬಹುಪಾಲು 2 ಅಥವಾ 2.5 ಮಿಲಿಮೀಟರ್ ದಪ್ಪದವು. ಫಿಲಿಪ್ಸ್ 0 ಮತ್ತು 00 ನಂಬರಿನ ತುದಿಗಳಿದ್ದರೆ ಹೆಚ್ಚಿನ ಕೆಲಸ ಆಗುತ್ತದೆ. ಕೆಲವು ಸ್ಕ್ರೂಗಳು ರಬ್ಬರ್ ಕಾಲುಗಳ ಅಡಿಯಲ್ಲಿ ಅಡಗಿರುತ್ತವೆ. ದಪ್ಪ ರಟ್ಟಿನ ಮದುವೆ ಕಾಗದವೊಂದನ್ನು ತೆಗೆದುಕೊಂಡು ಅದರ ಬೆನ್ನಿಗೆ ಲ್ಯಾಪ್‌ಟಾಪಿನ ತಳದ ಚಿತ್ರ ಗೀಚಿ, ಯಾವ ತೂತಿನಿಂದ ಬಂದ ಸ್ಕ್ರೂ ಆ ಜಾಗಕ್ಕೇ ಚುಚ್ಚುತ್ತ ಹೋಗಿ. ಇದು ಅಚ್ಚುಕಟ್ಟಿನ ಗೀಳು ಅಂತ ಕಂಡೀತು. ಆದರೆ 4 ಮಿಲಿಮೀಟರಿನ ಜಾಗಕ್ಕೆ 7 ಮಿಲಿಮೀಟರಿನ ಸ್ಕ್ರೂ ತಿರುಗಿಸಿದರೆ ಅದು ಮೇಲಿನ ಕವಚವನ್ನು ಉಬ್ಬಿಸುತ್ತದೆ, ಇಲ್ಲವೇ ಬೋರ್ಡಿನ ಒಳಪದರದ ಗೆರೆಯನ್ನು ಕತ್ತರಿಸುತ್ತದೆ. ಎರಡನೆಯದಕ್ಕೆ ಮನೆಮದ್ದಿಲ್ಲ.

ತಳದ ಮುಚ್ಚಳವನ್ನು ಹಳೆಯ ಎಟಿಎಂ ಕಾರ್ಡಿನಿಂದ ಎಬ್ಬಿಸಿ, ಚಾಕುವಿನಿಂದ ಬೇಡ. ಮುಚ್ಚಳ ತೆಗೆದೊಡನೆ ಕೈ ಹೋಗಬೇಕಾದದ್ದು ಬ್ಯಾಟರಿ ಕನೆಕ್ಟರಿಗೆ. ಫ್ಯಾನು, ರ‍್ಯಾಮ್, ಎಸ್‌ಎಸ್‌ಡಿ ಏನೇ ಇರಲಿ, ಮೊದಲು ಇದು. ಕೆಲವು ಕನೆಕ್ಟರ್ ಬೋರ್ಡಿಗೆ ಸಮಾನಾಂತರವಾಗಿ ಜಾರುತ್ತವೆ, ಕೆಲವು ನೇರ ಮೇಲಕ್ಕೆ ಏಳುತ್ತವೆ. ಬದಿ ನೋಡಿ ತಿಳಿದುಕೊಂಡು ಪ್ಲಾಸ್ಟಿಕ್ ತುದಿಯಿಂದ ದೂಡಿ, ತಂತಿ ಹಿಡಿದು ಎಳೆಯಬೇಡಿ. ಆಮೇಲೆ ಪವರ್ ಬಟನ್ ಅನ್ನು 15 ಸೆಕೆಂಡು ಒತ್ತಿ ಹಿಡಿಯಿರಿ. ಕೆಪಾಸಿಟರುಗಳಲ್ಲಿ ಉಳಿದ ಚಾರ್ಜು ಇಳಿಯುತ್ತದೆ. ಲ್ಯಾಪ್‌ಟಾಪ್ ನಿಜವಾಗಿ ಆಫ್ ಆಗುವುದು ಈಗ.

ಪರದೆಯ ಕೇಬಲನ್ನು ನೋಡಿದರೆ ಬ್ಯಾಟರಿಯನ್ನು ಮೊದಲು ಬಿಡಿಸುವುದರ ಬೆಲೆ ಗೊತ್ತಾಗುತ್ತದೆ. ಚಿತ್ರದ ಮಾಹಿತಿ ಹೋಗುವ ಸೂಜಿಕಾಲುಗಳ ಸಾಲಿನಲ್ಲೇ ಹಿಂಬೆಳಕಿಗೆ (ಪರದೆಯನ್ನು ಹಿಂದಿನಿಂದ ಬೆಳಗಿಸುವ ದೀಪಕ್ಕೆ) ಹೋಗುವ ವಿದ್ಯುತ್ತಿನ ಕಾಲುಗಳೂ ಇವೆ. ಬ್ಯಾಟರಿ ಜೋಡಿಸಿಕೊಂಡೇ ಈ ಕೇಬಲನ್ನು ಓರೆಯಾಗಿ ತೂರಿಸಿದರೆ ಹಿಂಬೆಳಕಿನ ಫ್ಯೂಸ್ ಹಾರುತ್ತದೆ. ಸಾಸಿವೆ ಕಾಳಿಗಿಂತ ಸಣ್ಣ ಫ್ಯೂಸ್ ಅದು. ಲ್ಯಾಪ್‌ಟಾಪ್ ಆನ್ ಆದ ಸದ್ದು ಬಂದು ಪರದೆ ಮಾತ್ರ ಕಪ್ಪಗಿದ್ದರೆ ಕತ್ತಲೆಯಲ್ಲಿ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಚಿತ್ರ ಮಂಕಾಗಿ ಕಂಡರೆ ಪ್ಯಾನೆಲ್ ಚಿತ್ರ ಮೂಡಿಸುತ್ತಿದೆ, ಸತ್ತದ್ದು ಹಿಂಬೆಳಕು. ಹೊಸ ಪರದೆ ತರಿಸುವ ಮೊದಲು ಮಾಡಬೇಕಾದ ಪರೀಕ್ಷೆ ಇದು.

ಕೀಬೋರ್ಡ್, ಟಚ್‌ಪ್ಯಾಡಿನ ಚಪ್ಪಟೆ ರಿಬ್ಬನ್ ಕೇಬಲುಗಳದ್ದು ಇನ್ನೊಂದು ಕತೆ. ಸಾಕೆಟ್ಟಿನ ಒಂದು ಬದಿಯಲ್ಲಿ ಕಪ್ಪು ಅಥವಾ ಬಿಳಿ ಪ್ಲಾಸ್ಟಿಕ್ ಪಟ್ಟಿಯೊಂದು ಇರುತ್ತದೆ, ಉಗುರಿನ ಅಂಚಿಗಿಂತ ತೆಳು. ಹೆಚ್ಚಿನವುಗಳಲ್ಲಿ ಅದು ಬಾಗಿಲಿನಂತೆ ಮೇಲಕ್ಕೆ ಎದ್ದು ನಿಲ್ಲುತ್ತದೆ, ಆಗ ರಿಬ್ಬನ್ ತಾನಾಗಿ ಸಡಿಲವಾಗುತ್ತದೆ. ಬಲ ಹಾಕಬೇಕು ಅನಿಸಿದರೆ ನೀವು ತಪ್ಪು ಬದಿಯನ್ನು ಎಬ್ಬಿಸುತ್ತಿದ್ದೀರಿ. ಪಟ್ಟಿ ಮುರಿದರೆ ಕೇಬಲ್ ನಿಲ್ಲುವುದಿಲ್ಲ, ಸಾಕೆಟ್ಟನ್ನೇ ಬೆಸುಗೆ ಬಿಡಿಸಿ ಬದಲಿಸಬೇಕು.

ನೀರು ಬಿದ್ದ ಲ್ಯಾಪ್‌ಟಾಪಿಗೂ ಇದೇ ನಿಯಮ, ಆದರೆ ಗಡಿಬಿಡಿಯಲ್ಲಿ. ಚಾರ್ಜರ್ ಕೀಳಿ, ಪವರ್ ಬಟನ್ ಅನ್ನು 10 ಸೆಕೆಂಡು ಒತ್ತಿ ಹಿಡಿದು ಕೊಲ್ಲಿ, ಶಟ್‌ಡೌನ್ ಮೆನು ಹುಡುಕುತ್ತ ಕೂರಬೇಡಿ. ಅರ್ಧ ತೆರೆದು ಗುಡಾರದಂತೆ ಬೋರಲು ನಿಲ್ಲಿಸಿ. ಆದಷ್ಟು ಬೇಗ ತಳ ಬಿಚ್ಚಿ ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಬಿದ್ದದ್ದು ಏನು ಎಂಬುದೂ ಮುಖ್ಯ. ಬಾವಿನೀರಿಗಿಂತ ಚಾ ಕೆಟ್ಟದ್ದು, ಸಕ್ಕರೆ ಅಂಟಾಗಿ ಉಳಿದು ಶೀತ ಎಳೆಯುತ್ತಲೇ ಇರುತ್ತದೆ. ಬೊಂಡದ ನೀರು (ಎಳನೀರು) ದೇಹಕ್ಕೆ ಒಳ್ಳೆಯದಾಗಿರುವುದು ಅದರ ಪೊಟ್ಯಾಸಿಯಂ ಲವಣಗಳಿಂದ. ಅದೇ ಲವಣಗಳು ಬೋರ್ಡಿನ ಮೇಲೆ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತವೆ. ಒಣಗಿಸಿದರೆ ನೀರು ಹೋಗುತ್ತದೆ, ಲವಣ ಹೋಗುವುದಿಲ್ಲ. ಆದ್ದರಿಂದ ಒಣಗಿಸುವುದಕ್ಕಿಂತ ತೊಳೆಯುವುದು ದೊಡ್ಡ ಕೆಲಸ. ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕಲೆಯಾದ ಜಾಗವನ್ನು ಉಜ್ಜಿ ತೊಳೆದು ಫ್ಯಾನಿನಡಿ ಒಂದೆರಡು ದಿನ ಬಿಡಿ. ಒಲೆ, ಸಾಲ್ಡರಿಂಗ್ ಕಡ್ಡಿ ಹತ್ತಿರ ಇರಬಾರದು, ಅದು ಬೇಗ ಹೊತ್ತಿಕೊಳ್ಳುವ ದ್ರವ. ಕೈಗೆ ಹಚ್ಚುವ ಸ್ಯಾನಿಟೈಸರ್ ಬದಲಿಯಾಗದು. ಅದರಲ್ಲಿ ನೀರೂ ಗ್ಲಿಸರಿನ್ನೂ ಇದೆ. ಅಕ್ಕಿಯಲ್ಲಿ ಹುಗಿದಿಡುವುದಂತೂ ವ್ಯರ್ಥ: ಮುಚ್ಚಿದ ಕವಚದ ಒಳಗಿನ ನೀರನ್ನು ಅಕ್ಕಿ ಎಳೆಯಲಾರದು, ಧೂಳು ಮಾತ್ರ ತೂತುಗಳಿಗೆ ಸೇರುತ್ತದೆ. ಕುಚ್ಚಲಕ್ಕಿ ಗಂಜಿಗೇ ಇರಲಿ. ಹೇರ್‌ಡ್ರೈಯರ್ ಬಿಸಿಗಾಳಿ ಕೀಲಿಗಳ ಅಡಿಯ ಪ್ಲಾಸ್ಟಿಕ್ಕನ್ನು ಸೊಟ್ಟ ಮಾಡುತ್ತದೆ.

ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ದಿನಕ್ಕೊಂದು ಗಂಟೆಯಾದರೂ ಓಡಿಸುವುದು ಒಳ್ಳೆಯದು. ಅದರ ಬಿಸಿಗೆ ಒಳಗಿನ ಶೀತ ಆರುತ್ತದೆ. ಎಸಿ ಕೋಣೆಯಿಂದ ಹೊರಗೆ ತಂದದ್ದಾದರೆ ಮುಕ್ಕಾಲು ಗಂಟೆ ಚೀಲದಲ್ಲೇ ಬಿಡಿ. ತಣ್ಣಗಿನ ಲೋಹಕ್ಕೆ ನಮ್ಮ ಗಾಳಿ ತಾಗಿದರೆ ಕನ್ನಡಕದ ಮೇಲೆ ಕಟ್ಟುವ ಹಾಗೆ ಹನಿ ಕಟ್ಟುತ್ತದೆ.

ಬಿಸಿಯಾಗಿ ನಿಧಾನವಾಗುವ ಲ್ಯಾಪ್‌ಟಾಪಿನಲ್ಲಿ ಮೊದಲು ನೋಡಬೇಕಾದದ್ದು ಫ್ಯಾನು ಮತ್ತು ತಾಮ್ರದ ರೆಕ್ಕೆಗಳ ನಡುವೆ. ಬಟ್ಟೆಯ ಜುಂಗು, ಅಡಿಕೆ ಸುಲಿಯುವ ಮನೆಯಾದರೆ ಸಿಪ್ಪೆಯ ನಾರು, ಎಲ್ಲ ಸೇರಿ ಅಲ್ಲಿ ಕಂಬಳಿಯಂತೆ ಕೂತಿರುತ್ತದೆ. ಹೊರಗಿನಿಂದ ಊದಿದರೆ ಅದು ಮತ್ತೆ ಫ್ಯಾನಿಗೇ ಹೋಗುತ್ತದೆ. ಫ್ಯಾನು ಬಿಚ್ಚಿ ಚಿಮಟದಿಂದ ಎತ್ತಿ ತೆಗೆಯಬೇಕು. ಬ್ಲೋವರ್ ಹಿಡಿಯುವುದಾದರೆ ಎಲೆಗಳನ್ನು ಬೆರಳಿನಿಂದ ತಡೆದು ಹಿಡಿಯಿರಿ, ಮಿತಿಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ. ಪ್ರೊಸೆಸರ್ 95ರಿಂದ 100 ಡಿಗ್ರಿ ಮುಟ್ಟಿದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಜುಂಗು ತೆಗೆದರೂ ಹಾಗೇ ಆದರೆ ಥರ್ಮಲ್ ಪೇಸ್ಟ್, ಅಂದರೆ ಪ್ರೊಸೆಸರಿಗೂ ಅದರ ಬಿಸಿ ಎಳೆಯುವ ಲೋಹದ ಹೀಟ್‌ಸಿಂಕಿಗೂ ನಡುವಿನ ಲೇಪ, ಒಣಗಿರಬಹುದು. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಕೆತ್ತಿರುತ್ತದೆ. ಬಿಚ್ಚುವಾಗ 4ರಿಂದ 1ಕ್ಕೆ, ಬಿಗಿಯುವಾಗ 1ರಿಂದ 4ಕ್ಕೆ, ಒಂದೊಂದನ್ನೂ ಸ್ವಲ್ಪಸ್ವಲ್ಪವೇ. ಹಳೆಯದನ್ನು ಆಲ್ಕೋಹಾಲಿನಿಂದ ಒರೆಸಿ ಅಕ್ಕಿಕಾಳಿನಷ್ಟೋ ಸ್ವಲ್ಪ ಹೆಚ್ಚೋ ಹೊಸ ಪೇಸ್ಟ್ ಇಡಿ. ಅದರ ಕೆಲಸ ಎರಡು ಲೋಹಗಳ ನಡುವಿನ ಸಣ್ಣ ತಗ್ಗುಗಳನ್ನು ತುಂಬುವುದು. ಬೆಣ್ಣೆಯಂತೆ ದಪ್ಪಗೆ ಬಳಿದರೆ ಬಿಸಿ ದಾಟುವುದು ಕಷ್ಟವಾಗುತ್ತದೆ. ಪಕ್ಕದ ಚಿಪ್ಪುಗಳ ಮೇಲಿನ ರಬ್ಬರಿನಂಥ ಪ್ಯಾಡ್ ಹರಿದರೆ ಅದೇ ದಪ್ಪದ್ದನ್ನು ಹಾಕಿ: 0.5 ಮಿಲಿಮೀಟರಿನ ಜಾಗಕ್ಕೆ 1 ಮಿಲಿಮೀಟರಿನದ್ದು ಹಾಕಿದರೆ ಹೀಟ್‌ಸಿಂಕ್ ಪ್ರೊಸೆಸರಿನ ಮೇಲೆ ಕೂರುವುದೇ ಇಲ್ಲ.

ರ‍್ಯಾಮ್, ಎಸ್‌ಎಸ್‌ಡಿ ಬದಲಾವಣೆ ಇದಕ್ಕಿಂತ ಸುಲಭ. ರ‍್ಯಾಮಿನ ಎರಡು ತಲೆಮಾರುಗಳಾದ ಡಿಡಿಆರ್4 ಮತ್ತು ಡಿಡಿಆರ್5 ಒಂದರ ಜಾಗಕ್ಕೆ ಇನ್ನೊಂದು ಕೂರದು, ಕಚ್ಚು ಬೇರೆ ಕಡೆ ಇದೆ. ಎಂ.2 ಎಸ್‌ಎಸ್‌ಡಿಯಲ್ಲಿ 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಎಸ್‌ಎಸ್‌ಡಿಯನ್ನು ಜೋಡಿಸುವ ಬಗೆಗಳು ಎರಡು, ಸ್ಲಾಟು ಸಾಟಾದ್ದೋ ಎನ್‌ವಿಎಂಇಯದ್ದೋ ಎಂದು ತರಿಸುವ ಮೊದಲೇ ನೋಡಿಕೊಳ್ಳಿ.

ಬ್ಯಾಟರಿ ಉಬ್ಬಿದ್ದು ಮೊದಲು ತಿಳಿಯುವುದು ಟಚ್‌ಪ್ಯಾಡಿನಿಂದ. ಕ್ಲಿಕ್ ಆಗುವುದಿಲ್ಲ, ಇಲ್ಲವೇ ಮೇಜಿನ ಮೇಲೆ ಲ್ಯಾಪ್‌ಟಾಪ್ ಗಡಗಡ ಅಲ್ಲಾಡುತ್ತದೆ. ಸೆಲ್ಲಿನೊಳಗಿನ ದ್ರವ ವಿಭಜನೆಗೊಂಡು ಅನಿಲವಾಗಿದೆ. ಸದಾ ಚಾರ್ಜರಿಗೆ ಚುಚ್ಚಿಟ್ಟು ಬಿಸಿಯಲ್ಲಿ ಓಡಿಸುವ ಮಷಿನುಗಳಲ್ಲಿ ಇದು ಬೇಗ ಆಗುತ್ತದೆ. ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಹಾಕಿಡಿ. ಇದಕ್ಕೆ ತಿರುಗುಮುರುಗಾದ ರೋಗ ಶಾಲೆಗಳದ್ದು: ಬೇಸಗೆ ರಜೆಗೆ ಪೂರ್ತಿ ಖಾಲಿಯಾಗಿ ಕಪಾಟು ಸೇರಿದ ಲ್ಯಾಪ್‌ಟಾಪುಗಳು ಜೂನಿನಲ್ಲಿ ಚಾರ್ಜೇ ತೆಗೆದುಕೊಳ್ಳುವುದಿಲ್ಲ. ಸೆಲ್ಲು ತೀರಾ ಇಳಿದರೆ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಅದನ್ನು ಮತ್ತೆ ತುಂಬಲು ಬಿಡುವುದಿಲ್ಲ. ಅರ್ಧ ತುಂಬಿಸಿ ಇಟ್ಟರೆ ಆಯಿತು.

ಉಬ್ಬಿದ್ದನ್ನು ಒತ್ತಬೇಡಿ, ಅನಿಲ ಹೋಗಲೆಂದು ಸೂಜಿ ಚುಚ್ಚುವುದು ಹುಚ್ಚು ಕೆಲಸ. ಒಳಗಿನ ಲವಣಕ್ಕೆ ತೇವ ತಾಗಿದರೆ ಹೈಡ್ರೊಜನ್ ಫ್ಲೋರೈಡ್ ಹುಟ್ಟುತ್ತದೆ, ಶ್ವಾಸಕೋಶ ಸುಡುವ ಅನಿಲ ಅದು. ಅಂಟಿನಿಂದ ಕೂತಿದ್ದರೆ ಪ್ಲಾಸ್ಟಿಕ್ ಕಾರ್ಡನ್ನು ಮೆಲ್ಲ ತೂರಿಸಿ ಎಬ್ಬಿಸಿ, ಬಗ್ಗಿಸಬೇಡಿ. ತೆಗೆದದ್ದನ್ನು ಒಣ ಮರಳು ಹಾಕಿದ ಬಕೆಟ್ಟಿನಲ್ಲಿ ಮನೆಯ ಹೊರಗೆ, ಬೈಹುಲ್ಲು, ಕಟ್ಟಿಗೆ ಇಲ್ಲದ ಕಡೆ ಇಟ್ಟು, ಇ-ತ್ಯಾಜ್ಯ ಕೊಡುವಾಗ ಉಬ್ಬಿದ ಬ್ಯಾಟರಿ ಎಂದು ಬೇರೆಯೇ ಹೇಳಿ. ಹೊಸದು ತರುವಾಗ ಹಳೆಯದರ ಮೇಲಿನ ಮಾದರಿ ನಂಬರ್ ನೋಡಿ. 10.8 ಮತ್ತು 11.1 ವೋಲ್ಟ್ ಎರಡೂ ಮೂರು ಸೆಲ್ಲಿನ ಸಾಲೇ, 14.8 ವೋಲ್ಟಿನದ್ದು ಬೇರೆ ಜಾತಿ.

ಚಾರ್ಜರಿನ ಡಬ್ಬಿಯನ್ನು, ಅಂದರೆ ಅಡಾಪ್ಟರನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಗೋಡೆಯಿಂದ ಬರುವ 230 ವೋಲ್ಟಿನ ಎಸಿ ವಿದ್ಯುತ್ತು ಅದರೊಳಗೆ ಸುಮಾರು 325 ವೋಲ್ಟಿನ ಡಿಸಿಯಾಗಿ ಕೆಪಾಸಿಟರಿನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಸಿಡಿಲು ಮಿಂಚು ಶುರುವಾದರೆ ಸ್ವಿಚ್ ಆಫ್ ಮಾಡಿದ್ದು ಸಾಲದು, ಪ್ಲಗ್ಗನ್ನೇ ಕೀಳಿ. ಮೋಡದಿಂದ ನೆಲಕ್ಕೆ ಕಿಲೋಮೀಟರುಗಳನ್ನು ದಾಟಿ ಬಂದ ಸಿಡಿಲಿಗೆ ಸ್ವಿಚ್ಚಿನೊಳಗಿನ ಮೂರು ಮಿಲಿಮೀಟರ್ ಏನೂ ಅಲ್ಲ. ಇಂಟರ್ನೆಟ್ ಫೈಬರಿನಲ್ಲಿ ಬಂದರೂ ರೂಟರಿಗೆ ಕರೆಂಟು ಗೋಡೆಯಿಂದ, ಅಲ್ಲಿಂದ ಲ್ಯಾಪ್‌ಟಾಪಿಗೆ ತಾಮ್ರದ ಲ್ಯಾನ್ ಕೇಬಲ್. ಅದನ್ನೂ ಕೀಳಿ.

ಎಲ್ಲ ಮುಗಿದು ಮತ್ತೆ ಜೋಡಿಸುವಾಗ ಬ್ಯಾಟರಿ ಕನೆಕ್ಟರ್ ಕೊನೆಗೆ. ಒಮ್ಮೆ ಬ್ಯಾಟರಿ ಬಿಡಿಸಿದ ಎಷ್ಟೋ ಮಾದರಿಗಳು ಚಾರ್ಜರ್ ಚುಚ್ಚಿದ ಮೇಲೆಯೇ ಏಳುತ್ತವೆ, ಗಡಿಯಾರವೂ ತಪ್ಪಿರಬಹುದು, ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಮದುವೆ ಕಾಗದದ ಮೇಲೆ ಒಂದು ತೂತು ಖಾಲಿಯಿದ್ದು ಅದರ ಸ್ಕ್ರೂ ಬೈರಾಸಿನ ಮೇಲೂ ಕಾಣದಿದ್ದಾಗ. ಲ್ಯಾಪ್‌ಟಾಪನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲ ಓರೆ ಮಾಡಿ. ಗಲಗಲ ಎಂದರೆ ಚಾರ್ಜರ್ ಮುಟ್ಟದೆ ಮತ್ತೆ ಬಿಚ್ಚಿ.